ಕೊಡೆ ಹಿಡಿದವನ ಮುಖ

ನನಗೆ ಜನರ ಮುಖ ಕಂಡರೆ ಆಗುವುದಿಲ್ಲ. ಮೂವತ್ತೆರಡು ವರ್ಷ ಮುಖಗಳನ್ನೇ ಬರೆದು ಹೊಟ್ಟೆ ಹೊರೆದವನು ಹೀಗೆ ಹೇಳಬಾರದು. ಆದರೆ ಮಿಠಾಯಿ ಅಂಗಡಿಯವನಿಗೆ ಸಿಹಿ ಸೇರದಿದ್ದರೆ ಯಾರೂ ತಪ್ಪೆನ್ನುವುದಿಲ್ಲವಲ್ಲ. ಒಬ್ಬನ ಮೂಗು, ದವಡೆ, ಕಿವಿಯ ಹಾಲೆ ಎಲ್ಲವನ್ನೂ ದಿನಗಟ್ಟಲೆ ದಿಟ್ಟಿಸಿದರೆ ಅವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂಬುದೂ ಕಂಡುಬಿಡುತ್ತದೆ. ಕಂಡ ಮೇಲೆ ಗೌರವ ಉಳಿಯುವುದು ಕಷ್ಟ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನ ಅಂಗಡಿ. ಬೋರ್ಡಿನ ಮೇಲೆ ‘ಅಕ್ಷೋಭ್ಯ ಆರ್ಟ್ಸ್’ ಎಂದಿದೆ, ಜನರ ಬಾಯಲ್ಲಿ ಅದು ಪೇಂಟರ್ ಆಚಾರ್ರ ಅಂಗಡಿ. ಅಪ್ಪ ಹಂಪಿಯಲ್ಲಿ ಹನುಮಂತ ದೇವರ ಪೂಜೆ ಮಾಡಿಕೊಂಡಿದ್ದರು. ನಾನು ಗಂಟೆ ಬಿಟ್ಟು ಕುಂಚ ಹಿಡಿದೆ. ವಿರೂಪಾಕ್ಷನ ಗುಡಿಯ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಗೈಡುಗಳು ಅದನ್ನು ಪ್ರವಾಸಿಗಳಿಗೆ ಪೂರ್ವಿಕರ ಮಹಾವಿದ್ಯೆ ಎಂದು ಮಾರುತ್ತಾರೆ. ವಿದ್ಯೆಯೂ ಇಲ್ಲ ಮಣ್ಣೂ ಇಲ್ಲ. ಒಳಗೆ ಕತ್ತಲೆ, ಹೊರಗೆ ಬಿಸಿಲು, ನಡುವೆ ಒಂದು ಕಿಂಡಿ. ನನ್ನ ಅಂಗಡಿಯ ಶಟರಿನಲ್ಲೂ ಮೊಳೆ ಹೊಡೆದ ತೂತು ಒಂದಿದೆ. ಮಧ್ಯಾಹ್ನ ಶಟರ್ ಎಳೆದುಕೊಂಡು ಅಡ್ಡಾದರೆ ಎದುರು ಗೋಡೆಯ ಮೇಲೆ ಸಂಡೂರಿನ ಅದಿರು ಲಾರಿಗಳು ಚಕ್ರ ಮೇಲೆ ಮಾಡಿಕೊಂಡು ಹೋಗುತ್ತಿದ್ದವು. ಆ ವರ್ಷಗಳಲ್ಲಿ ನಮ್ಮ ಊರು ಹಾಗೆ ನೋಡಿದಾಗಲೇ ಸ್ವಲ್ಪ ಸಹಿಸುವಂತಿತ್ತು.

ಆ ವರ್ಷಗಳೆಂದರೆ ಎರಡು ಸಾವಿರದ ಆರು, ಏಳು. ಒಗೆದು ಒಣಹಾಕಿದ ಧೋತರ ಸಂಜೆಯೊಳಗೆ ಕೆಂಪಾಗುತ್ತಿತ್ತು. ನಿನ್ನೆಯವರೆಗೆ ಟೀ ಅಂಗಡಿಯಲ್ಲಿ ಉದ್ದರಿ ಹೇಳುತ್ತಿದ್ದವನು ಇವತ್ತು ಸ್ಕಾರ್ಪಿಯೋ ಇಳಿದು ಅದೇ ಟೀ ಅಂಗಡಿಯವನನ್ನು ಲೇ ಎನ್ನುತ್ತಿದ್ದ. ಹುಟ್ಟುಹಬ್ಬಕ್ಕೊಂದು ಫ್ಲೆಕ್ಸ್, ಮಗುವಿನ ಜವಳಕ್ಕೊಂದು ಫ್ಲೆಕ್ಸ್. ಕಂಪ್ಯೂಟರಿನಲ್ಲಿ ಒತ್ತಿ ತೆಗೆದ ಆ ಮುಖಗಳೆಲ್ಲ ಒಂದೇ ಮಜ್ಜಿಗೆಯಲ್ಲಿ ತೊಳೆದ ಹಾಗೆ ಬೆಳ್ಳಗಿರುತ್ತಿದ್ದವು. ನನ್ನ ಬೋರ್ಡಿನ ಕೆಲಸ ಫ್ಲೆಕ್ಸಿನವರು ತಿಂದರು. ಉಳಿದದ್ದು ಸತ್ತವರ ಕೆಲಸ. ಸಣ್ಣ ಫೋಟೋ ತರುತ್ತಾರೆ, ಅದರ ಮೇಲೆ ದಾರದ ಚೌಕಗಳನ್ನು ಕಟ್ಟಿ, ಭೂತಗನ್ನಡಿ ಹಿಡಿದು ಒಂದೊಂದೇ ಚೌಕವನ್ನು ಕ್ಯಾನ್ವಾಸಿನ ದೊಡ್ಡ ಚೌಕಕ್ಕೆ ಇಳಿಸುತ್ತೇನೆ. ಮುಗಿದ ಮೇಲೆ ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನೋಡುತ್ತೇನೆ. ನೇರ ನೋಡಿದಾಗ ತಪ್ಪಿಸಿಕೊಂಡ ಸೊಟ್ಟ ಕನ್ನಡಿಯಲ್ಲಿ ಸಿಕ್ಕಿಬೀಳುತ್ತದೆ. ಕಣ್ಣು ಮಾತ್ರ ಎಲ್ಲಕ್ಕಿಂತ ಕಡೆಗೆ. ನಾನು ಬರೆದ ಕಣ್ಣು ನೀವು ಹೋದ ಕಡೆಗೆಲ್ಲ ತಿರುಗುತ್ತದೆ; ಬಳ್ಳಾರಿಯವರೆಗೆ ಈ ಮಾತಿದೆ.

ಸುಂಕಪ್ಪ ಬಂದದ್ದು ಈ ಮಾತು ಕೇಳಿಕೊಂಡೇ.

ಸುಂಕಪ್ಪನನ್ನು ಆಗ ಊರಲ್ಲಿ ಅರಿಯದವರಿರಲಿಲ್ಲ. ಸಂಡೂರು ತಾಲ್ಲೂಕಿನ ವಡ್ಡು ಎಂಬ ಹಳ್ಳಿಯವನು. ಎಂದೋ ಸರ್ಕಾರ ಕೊಟ್ಟ ಮೂರು ಎಕರೆ ಕಲ್ಲು ಹೊಲದಲ್ಲಿ ತಾಯಿಯ ಜೊತೆ ಸಜ್ಜೆ ಬಿತ್ತಿಕೊಂಡಿದ್ದ. ಚೀನಾದವರಿಗೆ ಅದಿರು ಬೇಕಾದಾಗ ಆ ಹೊಲದ ಕಲ್ಲೇ ಅದಿರು ಎಂದು ಗೊತ್ತಾಯಿತು. ಬಳಿದು ಲಾರಿಗೆ ತುಂಬಿದ, ಆಮೇಲೆ ಲಾರಿಗಳನ್ನೇ ಕೊಂಡ, ಆಮೇಲೆ ಹೊಸಪೇಟೆಯಲ್ಲಿ ಮೂರು ಅಂತಸ್ತಿನ ಮನೆ ಎಬ್ಬಿಸಿದ. ವಯಸ್ಸು ಐವತ್ತೊಂದು. ಬಿಳಿ ಸಫಾರಿ, ಕೈಗೆ ಎಮ್ಮೆ ಕಟ್ಟುವಂಥ ಬಂಗಾರದ ಚೈನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅವನು ಹೊಸ್ತಿಲು ದಾಟುವ ಹೊತ್ತಿಗೇ ಈ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೇರೆ ಜಾತಿಯ ಹೊಸ ಸಾಹುಕಾರ ಬಂದಾಗಲೂ ನನಗೆ ಇದೇ ಗಾದೆ ಇಷ್ಟು ಬೇಗ ನೆನಪಾಗುತ್ತಿತ್ತೇ ಎಂದು ಆಗ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

“ಆಚಾರ್ರ, ನಮ್ಮಪ್ಪಂದು ಒಂದು ಪಟ ಆಗಬೇಕ್ರಿ. ಆಳೆತ್ತರದ್ದು,” ಎಂದು ಕಾಗದದಲ್ಲಿ ಸುತ್ತಿದ ಚೌಕಟ್ಟೊಂದನ್ನು ಮೇಜಿನ ಮೇಲೆ ಇಟ್ಟ.

“ಕೂಡ್ರಿ. ಫೋಟೋ ಐತೇನು?”

“ಇದ ಒಂದ ಐತ್ರಿ. ಕಂಪ್ಲಿ ಗೌಡ್ರ ಹಳೀ ಮನಿ ಬಾಗಲಾ ಕಿಟಕಿ ಎಲ್ಲಾ ಮಾರಿದ್ರಲ್ಲ, ಆವಾಗ ತಂದೆ. ನಮ್ಮಪ್ಪ ಅಲ್ಲೇ ಇದ್ದ. ನಾನು ಹೊಟ್ಟ್ಯಾಗಿದ್ದಾಗ ಕಬ್ಬಿನ ಗದ್ದ್ಯಾಗ ಹಾವು ಕಚ್ಚಿ ಸತ್ತ. ಆಮ್ಯಾಲ ಅವ್ವ ವಡ್ಡುಗೆ ತವರಿಗೆ ಬಂದ್ಲು.”

ಐವತ್ತು ವರ್ಷಕ್ಕೂ ಹಿಂದಿನ ಗುಂಪು ಫೋಟೋ. ಮೂರು ಕಾಲಿನ ಪೆಟ್ಟಿಗೆ ಕ್ಯಾಮೆರಾದಲ್ಲಿ ತೆಗೆದದ್ದು. ಅಂಥ ಕ್ಯಾಮೆರಾಕ್ಕೆ ಎಲ್ಲರೂ ಉಸಿರು ಬಿಗಿಹಿಡಿದು ಕಲ್ಲಿನಂತೆ ನಿಲ್ಲಬೇಕು. ನಡುವೆ ಬೆತ್ತದ ಕುರ್ಚಿಯಲ್ಲಿ ಒಬ್ಬ, ರುಮಾಲು, ಗಿರಿಜಾ ಮೀಸೆ, ಮೊಣಕಾಲ ಮೇಲೆ ಕೋಲು. ಅಕ್ಕಪಕ್ಕ ನಾಲ್ಕಾರು ಜನ. ಕುರ್ಚಿಯ ಹಿಂದೆ ಬರಿಮೈಯ ಆಳೊಬ್ಬ ಕುರ್ಚಿಯವನ ತಲೆಯ ಮೇಲೆ ಕೊಡೆ ಹಿಡಿದಿದ್ದ.

“ಇವರೊಳಗ ಯಾರು?”

ಸುಂಕಪ್ಪ ಬೆರಳಿಟ್ಟ. ಕುರ್ಚಿಯ ಮೇಲೆ ಇಟ್ಟ.

ನಾನು ಭೂತಗನ್ನಡಿ ತೆಗೆದುಕೊಂಡು ಬಗ್ಗಿದೆ. ಕುರ್ಚಿಯವನ ಮುಖ ಒಂದು ಕೂದಲೂ ಅಲುಗದಂತೆ ಬಿದ್ದಿತ್ತು. ಮೇಲೆ ಕೊಡೆ ಹಿಡಿದವನ ಮುಖ ಇರಲೇ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಒಡೆಯನ ಮೇಲೆ ಬಿಸಿಲು ಸರಿಯಿತೆಂದು ಕೊಡೆ ಬಗ್ಗಿಸಲು ತಲೆ ಅಲ್ಲಾಡಿಸಿರಬೇಕು. ಕತ್ತಿನ ಮೇಲೆ ಒಂದು ಬೂದು ಮೋಡ, ಅದರಲ್ಲಿ ಕಣ್ಣಿಲ್ಲ ಮೂಗಿಲ್ಲ. ಆದರೆ ಅವನ ಎಡಗೈ ಕುರ್ಚಿಯ ಬೆನ್ನಿನ ಮೇಲೆ ಊರಿತ್ತು, ಅದು ಅಲುಗಿರಲಿಲ್ಲ. ಕಿರುಬೆರಳು ಹೊರಕ್ಕೆ ಕೊಕ್ಕೆಯಾಗಿ ಬಾಗಿತ್ತು. ನಾನು ತಲೆ ಎತ್ತಿ ಮೇಜಿನ ಮೇಲಿದ್ದ ಸುಂಕಪ್ಪನ ಎಡಗೈ ನೋಡಿದೆ. ಬಂಗಾರದ ಚೈನಿನ ಕೆಳಗೆ ಅದೇ ಕಿರುಬೆರಳು, ಅದೇ ಕೊಕ್ಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

“ಖರೇನ ಇವರೇ ಏನ್ರಿ?” ಎಂದೆ.

ಅವನು ನನ್ನ ಕಣ್ಣು ನೋಡಲಿಲ್ಲ. “ಮನಿಗೆ ದೊಡ್ಡ ದೊಡ್ಡ ಮಂದಿ ಬರ್ತಾರ್ರಿ ಆಚಾರ್ರ. ಹಾಲಿನಾಗ ಹಾಕೋದು. ನೀವು ಕುರ್ಚಿ ಮ್ಯಾಲ ಕುಂತಾವ್ರನ್ನ ಬರೀರಿ. ಮುಖ ಇದ್ದಾವ್ರನ್ನ ಬರಿಯಾಕ ಆಕ್ಕತಿ, ಇಲ್ಲದಾವ್ರನ್ನ ಹೆಂಗ ಬರೀತೀರಿ?”

“ನಿಮ್ಮ ತಾಯಿಯವರು?”

“ಅವ್ವಗ ಎರಡೂ ಕಣ್ಣಾಗ ಪೊರೆ ಬಂದೈತಿ. ಕಾಣಂಗಿಲ್ಲ.”

ಆಗ ನಾನು ಒಂದು ಮಾತು ಆಡಬಹುದಿತ್ತು. ಕೊಡೆ ಹಿಡಿದವನನ್ನು ಕೈ, ಎದೆ, ಬೆನ್ನಿನ ಬಾಗಿನೊಡನೆ ಬರೆದು, ಮುಖಕ್ಕೆ ಕೊಡೆಯ ನೆರಳು ಬಿಡಿಸಿ ಪಟ ಮಾಡಬಹುದು ಎಂದು ಹೇಳಬಹುದಿತ್ತು. ಅದು ನನಗೆ ಬರುವ ಕೆಲಸವೇ. ಹೇಳಲಿಲ್ಲ. ಒಳಗೊಳಗೇ ನಗು ಬಂತು. ಹೆತ್ತ ಅಪ್ಪನನ್ನು ಕುರ್ಚಿಯ ಹಿಂದೆ ಬಿಟ್ಟು, ಅಪ್ಪನನ್ನು ದುಡಿಸಿ ಕೊಂದವನನ್ನು ಗೋಡೆಗೆ ಏರಿಸಲು ಹೊರಟಿದ್ದಾನೆ. ದಿನಾ ಬೆಳಗ್ಗೆ ಈ ಮಗ ಗೌಡನಿಗೆ ಹಾರ ಹಾಕಿ ಕೈ ಮುಗಿಯಲಿ, ನೋಡುವ ಮಜ ನನಗಿರಲಿ ಎಂದುಕೊಂಡೆ. ಮೂರ್ಖನಿಗೆ ಬುದ್ಧಿ ಹೇಳುವುದು ನನ್ನ ಕಸುಬಲ್ಲ. ಬೇಕಾದರೆ ಅವನ ಮೂರ್ಖತನವನ್ನು ಆರಡಿ ಎತ್ತರಕ್ಕೆ ಹಿಗ್ಗಿಸಿ ಕೊಡುತ್ತೇನೆ.

ಎರಡು ತಿಂಗಳು ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮತ್ತೊಂದು ಮುಖ ಬರೆದಿಲ್ಲ. ಹಾಸ್ಯ ಪೂರ್ತಿಯಾಗಬೇಕಾದರೆ ಗೌಡ ಪೂರ್ತಿ ಗೌಡನಾಗಿರಬೇಕಲ್ಲ. ಮೀಸೆಯ ಒಂದೊಂದು ಎಳೆ, ಕೆಳತುಟಿಯ ಮೇಲೆ ಎಲೆಯಡಿಕೆಯ ಕೆಂಪು, ಆಳನ್ನು ಕರೆಯುವ ಮೊದಲು ಹುಬ್ಬು ಏರುವ ಆ ಒಂದು ಕ್ಷಣ. ಕನ್ನಡಿಯಲ್ಲಿ ಹಿಂದುಮುಂದಾಗಿ ನೋಡಿದೆ, ಒಂದು ಸೊಟ್ಟವಿಲ್ಲ. ಕಡೆಗೆ ಕಣ್ಣು ಬಿಡಿಸಿದೆ. ಶಟರ್ ಎಳೆದು ಅಡ್ಡಾದರೆ ಗೌಡ ನನ್ನನ್ನೇ ನೋಡುತ್ತಿದ್ದ. ನಾನೂ ಎದ್ದು ಕುಳಿತುಕೊಳ್ಳುವಂತಾಗುತ್ತಿತ್ತು.

ಗೃಹಪ್ರವೇಶಕ್ಕೆ ಕರೆ ಬಂತು, ಹೋದೆ. ಹಾಲಿಗೆ ಇಟಲಿಯ ಕಲ್ಲು ಹಾಸಿದ್ದರು. ಹಂಪಿಯ ಕಲ್ಲು ಕಾಲಡಿಗೆ ಬಿದ್ದಿರುವ ಊರಿಗೆ ಹಡಗಿನಲ್ಲಿ ಕಲ್ಲು ತರಿಸಿದ ಪುಣ್ಯಾತ್ಮರು. ನಡುಗೋಡೆಯ ಮೇಲೆ ಪಟ. ಬಂದ ಕಂಟ್ರಾಕ್ಟರುಗಳು, ಪುಢಾರಿಗಳು ಎಲ್ಲರೂ ತಲೆ ಎತ್ತಿ ನೋಡಿ, “ಏನು ಕಳೆ ರೀ ನಿಮ್ಮ ತಂದಿಯವರದ್ದು! ರಾಜಕಳೆ!” ಎನ್ನುತ್ತಿದ್ದರು. ಸುಂಕಪ್ಪ ಕೈ ಕಟ್ಟಿಕೊಂಡು, “ಕಂಪ್ಲಿ ಕಡೆ ಭಾಳ ಹೆಸರಿತ್ರಿ ನಮ್ಮಪ್ಪಂದು,” ಎಂದು ಹಲ್ಲು ಬಿಡುತ್ತಿದ್ದ. ನನ್ನ ಹೊಟ್ಟೆಯೊಳಗೆ ನಗು ತುಂಬಿ ನೋವು ಬರುವಂತಿತ್ತು. ಊಟಕ್ಕೆ ಎಬ್ಬಿಸಲು ಬಂದರು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎರಡು ಬಾಳೆಹಣ್ಣು ಮಾತ್ರ ತೆಗೆದುಕೊಂಡೆ. ನನ್ನಂಥವರು ಅಂಥ ಮನೆಗಳಲ್ಲಿ ಬಾಳೆಹಣ್ಣೇ ತೆಗೆದುಕೊಳ್ಳುವುದು. ಇದು ಅವರಿಗೂ ಗೊತ್ತು, ನಮಗೂ ಗೊತ್ತು.

ಆಗ ಸುಂಕಪ್ಪನ ಮಗಳು ಪಲ್ಲವಿ ಅಜ್ಜಿಯ ಕೈ ಹಿಡಿದು ಕರೆತಂದಳು. ಪಲ್ಲವಿ ಕಾಲೇಜು ಓದುವ ಹುಡುಗಿ. ಅಜ್ಜಿ ಉಚ್ಚಂಗೆಮ್ಮನಿಗೆ ಎಪ್ಪತ್ತರ ಹತ್ತಿರ. ಮೈಮೇಲೆ ಹೊಸ ರೇಷ್ಮೆ ಸೀರೆ, ಅದರೊಳಗೆ ಬಿಸಿಲಲ್ಲಿ ಒಣಗಿದ ಸಣ್ಣ ದೇಹ. ಕಣ್ಣಿನ ಗುಡ್ಡೆಗಳ ಮೇಲೆ ಹಾಲಿನ ಬಿಳುಪು. ಮುದುಕಿ ಪಟದ ಮುಂದೆ ನಿಂತು ಕೈ ಚಾಚಿ ಕ್ಯಾನ್ವಾಸು ಸವರಿದಳು.

“ಮೈಲಾರಾ,” ಎಂದಳು. ಗಂಡನ ಹೆಸರು ಮೈಲಾರಲಿಂಗಪ್ಪ. ಬಾಯಿಬಿಟ್ಟು ಗಂಡನ ಹೆಸರು ಹೇಳಿದ್ದಕ್ಕೆ ಹಿಂದಿದ್ದ ಹೆಂಗಸರು ನಕ್ಕರು.

“ಅಜ್ಜೀ, ಪಟ ಬರದಾವ್ರು ಇಲ್ಲೇ ಅದಾರ ನೋಡು,” ಎಂದಳು ಪಲ್ಲವಿ.

ಮುದುಕಿ ನನ್ನ ಕಡೆ ಅಂದಾಜಿನಲ್ಲಿ ತಿರುಗಿದಳು. “ಸ್ವಾಮ್ಯಾರ, ನಿಮ್ಮ ಕೈ ತಣ್ಣಗಿರ್ಲಿ. ನನಗ ಮಬ್ಬು ಮಬ್ಬು ಕಾಣತೈತಿ. ಯಾರೋ ಕುಂತಂಗ ಐತಿ ಅಷ್ಟ. ನಗತಾನೇನ್ರಿ ಅವ?”

“ನಗ್ತಾರಮ್ಮ,” ಎಂದೆ.

“ಸಕ್ಕರಿ ಕಮ್ಮಿ ಆದ್ರ ಆಪರೇಷನ್ ಮಾಡ್ತಾರಂತ. ಅವನ ಮುಖ ಒಮ್ಮಿ ನಿಚ್ಚಳ ನೋಡಬೇಕ್ರಿ. ಅದೊಂದಾದ್ರ ಸಾಕು, ಮತ್ತೇನೂ ಬ್ಯಾಡ ನನಗ. ಕಣ್ಣು ಬಂದ್ರ ಮೊದಲ ಅವನ್ನ ನೋಡ್ತೀನಿ.”

ಸುಳ್ಳು ಹೇಳುವುದಿಲ್ಲ. ನನ್ನ ಹಾಸ್ಯದಲ್ಲಿ ಈ ಹೆಂಗಸಿಗೆ ಜಾಗವೇ ಇರಲಿಲ್ಲ. ಅಪ್ಪ, ಮಗ, ಗೌಡ ಎಂದು ಮೂವರ ಲೆಕ್ಕ ಹಾಕಿದ್ದೆ. ಗಂಡನನ್ನು ಕಳೆದುಕೊಂಡವಳೊಬ್ಬಳು ಇರುತ್ತಾಳೆ ಎಂಬುದು ತಲೆಗೇ ಹೋಗಿರಲಿಲ್ಲ. ಆದರೂ ಆ ವಯಸ್ಸಿಗೆ, ಆ ಸಕ್ಕರೆ ಕಾಯಿಲೆಗೆ ಯಾವ ಡಾಕ್ಟರು ಕಣ್ಣಿಗೆ ಕೈ ಹಾಕುತ್ತಾನೆ ಎಂದುಕೊಂಡು ಬಾಳೆಹಣ್ಣು ಸುಲಿದೆ.

ಆಮೇಲೆ ಸುಂಕಪ್ಪ ಎರಡು ಸಲ ಕರೆಸಿದ. ಒಂದು ಸಲ ಅಪ್ಪನ ಬೆರಳಿಗೆ ಉಂಗುರ ಬೇಕು ಎಂದ, ಬರೆದುಕೊಟ್ಟೆ. ಇನ್ನೊಂದು ಸಲ ಹೆಗಲಿಗೆ ಜರಿ ಶಲ್ಯ. ಹೋದಾಗಲೆಲ್ಲ ಮುದುಕಿ ಪಟದ ಕೆಳಗೆ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು. ಅದರ ಜೊತೆ ಮಾತಾಡುತ್ತಿದ್ದಳು. ಸಜ್ಜೆ ಹೊಲ ಹೋದದ್ದು, ಸೊಸೆ ರೊಟ್ಟಿ ಬಡಿಯಲು ಬರದೆ ಆಳು ಇಟ್ಟುಕೊಂಡದ್ದು, ಮೊಮ್ಮಗಳು ಇಂಗ್ಲಿಷು ಮಾತಾಡುವುದು, ಎಲ್ಲ ವರದಿ. ಮಧ್ಯೆ ಮಧ್ಯೆ ನಾಚಿಕೊಂಡು ನಗುತ್ತಿದ್ದಳು. ನಾನು ಸ್ಟೂಲಿನ ಮೇಲೆ ನಿಂತು ಗೌಡನ ಶಲ್ಯಕ್ಕೆ ಜರಿ ಎಳೆಯುತ್ತಾ ಆ ಮಾತು ಕೇಳದವನಂತೆ ಇರುತ್ತಿದ್ದೆ. ಬಾಯಿ ಬಿಟ್ಟರೆ ನನ್ನ ಮರ್ಯಾದೆಯೇ ಹೋಗುತ್ತಿತ್ತು. ಊರೆಲ್ಲರನ್ನೂ ಕೀಳಾಗಿ ನೋಡುವವನಿಗೆ ತನ್ನ ಮರ್ಯಾದೆಯ ಮೇಲೆ ಎಷ್ಟು ಪ್ರೀತಿ ಇರುತ್ತದೆಂದು ನಿಮಗೆ ಗೊತ್ತಿಲ್ಲ.

ಪಟ ಗೋಡೆಗೇರಿ ಎಂಟು ತಿಂಗಳಾಗಿತ್ತು. ಮೂರನೇ ಸಲ ಕರೆ ಬಂತು. ಈ ಸಲ ಅಪ್ಪನ ಮುಂಗೈಗೆ ಗಡಿಯಾರ ಬೇಕಂತೆ, ಬಂಗಾರದ್ದು. ಐವತ್ತರ ದಶಕದ ಕಂಪ್ಲಿಯಲ್ಲಿ, ಕಬ್ಬಿನ ಗದ್ದೆಯ ಬದುವಿನಲ್ಲಿ, ಬಂಗಾರದ ಗಡಿಯಾರ! ಸ್ಟೂಲು ಹತ್ತಿ ಬರೆಯತೊಡಗಿದೆ. ಸೋಫಾದಲ್ಲಿ ಕುರೆಕುಪ್ಪದ ಕಡೆಯ ಇಬ್ಬರು ಕಂಟ್ರಾಕ್ಟರುಗಳು ಟೀ ಕುಡಿಯುತ್ತಾ ಸುಂಕಪ್ಪನ ಜೊತೆ ಲಾರಿಯ ಮಾತಾಡುತ್ತಿದ್ದರು. ಹೊರಗೆ ಕಾರು ನಿಂತ ಸದ್ದಾಯಿತು.

ಹಿಂದಿನ ದಿನ ಉಚ್ಚಂಗೆಮ್ಮನಿಗೆ ಒಂದು ಕಣ್ಣಿನ ಆಪರೇಷನ್ ಆಗಿತ್ತಂತೆ. ಪೊರೆ ತೆಗೆದು ಒಳಗೆ ಸಣ್ಣ ಮಸೂರ ಕೂರಿಸಿದ್ದರಂತೆ. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಕಳಿಸಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆ ದಿನ ಖಂಡಿತ ಹೋಗುತ್ತಿರಲಿಲ್ಲ.

ಪಲ್ಲವಿ ಮೊದಲು ಓಡಿ ಬಂದಳು. “ಅಪ್ಪಾ, ಅಜ್ಜಿಗೆ ಎಲ್ಲಾ ಮಸ್ತ್ ಕಾಣತೈತಿ! ದಾರಿಯಾಗ ಬೋರ್ಡಿನ ಮ್ಯಾಲಿನ ಬಣ್ಣ ಎಲ್ಲಾ ಹೇಳಿದ್ಲು. ತಾತನ ಪಟ ನೋಡಾಕ ಜಲ್ದಿ ಜಲ್ದಿ ಅಂತಾಳ.”

ಹಿಂದೆಯೇ ಮುದುಕಿ ಬಾಗಿಲಿಗೆ ಬಂದಳು. ಸ್ವತಃ ನಡೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಬಂದಳು. ಮುಖದಲ್ಲಿ ಹದಿನೆಂಟು ವರ್ಷದ ಹುಡುಗಿಯ ನಗುವಿತ್ತು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಕಪ್ಪು ಕನ್ನಡಕ ಸರಿಮಾಡಿಕೊಂಡು ತಲೆ ಎತ್ತಿದಳು.

ಆ ಕಾಲು ಹಿಂದಕ್ಕೆ ಹೋಯಿತು. ಸರಕ್ಕನೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಬಾಗಿಲಿನಿಂದ ಪಕ್ಕಕ್ಕೆ ಸರಿದು, ಗೋಡೆಗೆ ಒತ್ತಿಕೊಂಡು, ತಲೆ ತಗ್ಗಿಸಿ ನಿಂತಳು. ಐವತ್ತು ವರ್ಷ ಆದರೂ ಆ ದೇಹ ಒಂದನ್ನೂ ಮರೆತಿರಲಿಲ್ಲ.

“ಯವ್ವಾ, ಒಳಗ ಬಾ. ಯಾಕ ಅಲ್ಲೇ ನಿಂತಿ?” ಎಂದ ಸುಂಕಪ್ಪ.

“ಗೌಡ್ರು ಕುಂತಾರಲ್ಲೋ,” ಎಂದಳು ಮೆಲ್ಲಗೆ. “ಹೆಂಗ ಬರ್ಲಿ?”

ಟೀ ಕುಡಿಯುತ್ತಿದ್ದವರು ಹೊರಗಡೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದರು. ಪಲ್ಲವಿ ನಕ್ಕಳು. “ಅಜ್ಜೀ, ಅದು ಪಟ. ತಾತಂದು. ದಿನಾ ಮಾತಾಡ್ತಿದ್ದಿಯಲ್ಲ!”

ಉಚ್ಚಂಗೆಮ್ಮ ಇನ್ನೊಮ್ಮೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಸ್ಟೂಲಿನ ಮೇಲೆ, ಕೈಯಲ್ಲಿ ಹಳದಿ ಬಣ್ಣದ ಕುಂಚ, ಗೌಡನ ಪಕ್ಕದಲ್ಲೇ ನಿಂತಿದ್ದೆ. ನಾನೂ ಒಂದು ಗೊಂಬೆ ಎನ್ನುವಂತೆ ಅವಳ ದೃಷ್ಟಿ ನನ್ನ ಮೇಲಿಂದ ಹಾದುಹೋಯಿತು.

“ಇವ ಕಂಪ್ಲಿ ಗೌಡ,” ಎಂದಳು. “ನನ್ನ ಗಂಡ ಎಲ್ಲಿ?”

“ಹುಚ್ಚುಚ್ಚಾರ ಮಾತಾಡಬ್ಯಾಡ ಯವ್ವಾ. ಈಗ ಕಣ್ಣು ಬಂದಾವು, ತಲಿ ತಿರುಗತೈತಿ. ಒಳಗ ಹೋಗಿ ಮಲಗು.”

“ಎಂಟು ತಿಂಗಳು ನಾ ಯಾರ ಕೂಡ ಮಾತಾಡಿದ್ನೋ ಸುಂಕಾ?”

ಕಂಟ್ರಾಕ್ಟರುಗಳು ಕಪ್ಪು ಕೆಳಗಿಟ್ಟರು. ಸುಂಕಪ್ಪನ ಮುಖ ಕಪ್ಪಾಯಿತು. ನಾನು ಕಾಯುತ್ತಿದ್ದ ಮಜ ಇದೇ ಆಗಿರಬೇಕು, ಆದರೆ ನನಗೆ ನಗು ಬರಲಿಲ್ಲ. ಅವನು ಸೀದಾ ನನ್ನ ಕಡೆ ತಿರುಗಿದ.

“ಏನ್ರಿ ಆಚಾರ್ರ! ಗುಂಪಿನ ಫೋಟೋದಾಗ ಯಾರದೋ ಮುಖ ನೋಡಿ ಯಾರ್ನೋ ಬರದ್ರೇನು? ನಂಬಿ ಕೊಟ್ರ ಹಿಂಗ ಮಾಡೋದೇನ್ರಿ?”

ಹೇಳಿದ್ದರೆ ಆಗಲೂ ಹೇಳಬಹುದಿತ್ತು. ಬೆರಳಿಟ್ಟು ತೋರಿಸಿದವನು ನೀನೇ ಎಂದು ಆ ಸೋಫಾದವರ ಎದುರಿಗೇ ಅವನ ಬಟ್ಟೆ ಬಿಚ್ಚಬಹುದಿತ್ತು. ಆದರೆ ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ನನಗೆ ಬರುತ್ತದೆ. ಕುಂಚ ಒರೆಸಿಕೊಂಡು, ಸ್ಟೂಲಿನಿಂದ ಇಳಿದು, ಗೋಡೆಗೆ ಒತ್ತಿ ನಿಂತಿದ್ದ ಮುದುಕಿಯ ಪಕ್ಕದಿಂದಲೇ ಹೊರಗೆ ಬಂದೆ. ಗಡಿಯಾರ ಅರ್ಧವಾಗಿತ್ತು, ಮುಳ್ಳು ಇರಲಿಲ್ಲ.

ನಾಲ್ಕು ದಿನ ಅಂಗಡಿ ತೆಗೆಯಲಿಲ್ಲ. ಐದನೆಯ ದಿನ ತೆಗೆದು ಕೂತಿದ್ದಾಗ ಆಟೋ ಬಂದು ನಿಂತಿತು. ಪಲ್ಲವಿ ಇಳಿದಳು, ಅಜ್ಜಿಯನ್ನೂ ಇಳಿಸಿದಳು. ಹುಡುಗಿಯ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಅದೇ ಹಳೆಯ ಫೋಟೋ. ಉಚ್ಚಂಗೆಮ್ಮ ಮೆಟ್ಟಿಲ ಮೇಲೆಯೇ ಕೂರಲು ಹೋದಳು.

“ಒಳಗ ಬರ್ರಿ,” ಎಂದೆ. “ಕುರ್ಚಿ ಐತಿ, ಕೂಡ್ರಿ.”

ಕುರ್ಚಿಯಲ್ಲಿ ತುದಿಯ ಮೇಲೆ ಕೂತಳು. ಪಲ್ಲವಿ ಕೂರಲಿಲ್ಲ. ನೆಟ್ಟಗೆ ನನ್ನ ಕಡೆ ನೋಡಿ ಕೇಳಿದಳು, “ಅಂಕಲ್, ನಿಮಗ ಗೊತ್ತಿತ್ತೇನು?”

“ಗೊತ್ತಿತ್ತವ್ವ.”

“ನಮ್ಮಪ್ಪಂಗೆ ನಾಚಿಕಿ ಇತ್ತು, ಅದಕ್ಕ ಮಾಡಿದ. ನಿಮಗೇನಿತ್ತು?”

ಎಂಥ ಪ್ರಶ್ನೆ! ನನ್ನ ಹತ್ತಿರ ಉತ್ತರವಿತ್ತು. ನನಗೆ ನಗಬೇಕಿತ್ತು, ಅಷ್ಟೇ. ಅದನ್ನು ಹೇಳುವ ಬದಲು ಮೇಜಿನ ಮೇಲಿನ ಕುಂಚಗಳನ್ನು ಜೋಡಿಸತೊಡಗಿದೆ. ಇಡೀ ಊರನ್ನು ಥೂ ಎನ್ನುತ್ತಾ ಬಂದವನು ಅಂದು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕಿತ್ತು.

“ಈ ಮಾತು ಸಾಕು ಬಿಡವ್ವಾ,” ಎಂದಳು ಉಚ್ಚಂಗೆಮ್ಮ. ಫೋಟೋ ಬಿಚ್ಚಿಸಿ ನನ್ನ ಮೇಜಿನ ಮೇಲೆ ಇಡಿಸಿದಳು. “ಸ್ವಾಮ್ಯಾರ, ನಡದದ್ದು ನಡೀತು. ನನಗ ಅವಂದು ಒಂದು ಸಣ್ಣದು ಬರದು ಕೊಡ್ರಿ. ಬಣ್ಣ ಬ್ಯಾಡ, ಪೆನ್ಸಿಲ್‌ಲೇ ಸಾಕು. ದಿಂಬಿನ ತೆಳಗ ಇಟ್ಕೊಂತೀನಿ.”

ಭೂತಗನ್ನಡಿಯನ್ನು ಆಕೆಯ ಕೈಗೇ ಕೊಟ್ಟೆ. ಹೊಸ ಕಣ್ಣಿನಿಂದ ಆಕೆ ಕೊಡೆಯ ಕೆಳಗೆ ನೋಡಿದಳು, ಮೋಡದಂಥ ಆ ಮುಖದ ಮೇಲೆ ಗಾಜನ್ನು ಹತ್ತಿರ ತಂದಳು, ದೂರ ಮಾಡಿದಳು. ಆಮೇಲೆ ಕುರ್ಚಿಯ ಬೆನ್ನಿನ ಮೇಲಿದ್ದ ಕೈಗೆ ಬಂದು ನಿಲ್ಲಿಸಿದಳು. “ಕೈ ಅವಂದ,” ಎಂದಳು. ಅಷ್ಟಕ್ಕೇ ಕೆನ್ನೆಯ ಮೇಲೆ ನೀರಿಳಿಯಿತು. ಪಲ್ಲವಿ ಕಣ್ಣಿಗೆ ಕೈ ತಾಗಿಸಬೇಡ ಎಂದು ಆಕೆಯ ಕೈ ಹಿಡಿದುಕೊಂಡಳು.

“ಮುಖ ನೀವು ಹೇಳ್ರಿ ಅಮ್ಮ, ನಾ ಬರೀತೀನಿ,” ಎಂದು ಕಾಗದ ತೆಗೆದೆ. ಪೆನ್ಸಿಲು ಚೂಪು ಮಾಡಿಕೊಂಡೆ. “ಹಣಿ ಹೆಂಗಿತ್ತು? ಅಗಲ?”

“ಅಗಲ ಇತ್ತು.”

“ಮೂಗು?”

“ನಮ್ಮ ಸುಂಕಂದು ಇದ್ದಂಗ ಇದ್ದಿಲ್ಲ. ಸುಂಕ ನನ್ನ ಹಂಗ. ಅವಂದು ನೀಟ ಇತ್ತು.”

ಬರೆದು ತೋರಿಸಿದೆ. ಅಲ್ಲ ಎಂದಳು. ಹುಬ್ಬು ದಟ್ಟ ಮಾಡಿದೆ, ದವಡೆ ಇಳಿಸಿದೆ, ಗಲ್ಲಕ್ಕೆ ಗುಳಿ ಹಾಕಿದೆ. ಇವನಲ್ಲ ಎಂದಳು. ಎರಡನೇ ಕಾಗದ ತೆಗೆದೆ. ನಕ್ಕರೆ ಎಡಗಡೆಗೆ ಬಾಯಿ ಸೊಟ್ಟ ಹೋಗುತ್ತಿತ್ತು ಎಂದಳು, ಹಾಗೆ ಮಾಡಿದೆ. ಕನ್ನಡಕ ತೆಗೆದು, ಹಾಕಿಕೊಂಡು, ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಮೂರನೆಯದು ಬರೆದೆ, ನಾಲ್ಕನೆಯದು ಬರೆದೆ. ಕೇಳಿದ ಪ್ರಶ್ನೆಗೆ ಬರುವ ಉತ್ತರ ಮೆಲ್ಲಮೆಲ್ಲಗೆ ಸಣ್ಣದಾಗುತ್ತಾ ಹೋಯಿತು. ಕಣ್ಣು ಹೇಗಿತ್ತು ಎಂದು ಕೇಳಿದಾಗ ಆಕೆ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

“ಅಜ್ಜೀ, ಕಣ್ಣು ಮುಚ್ಚಿ ನೆಪ್ಪು ಮಾಡ್ಕೊ,” ಎಂದಳು ಪಲ್ಲವಿ.

ಉಚ್ಚಂಗೆಮ್ಮ ಕಣ್ಣು ಮುಚ್ಚಿದಳು. ರಸ್ತೆಯಲ್ಲಿ ಲಾರಿಯೊಂದು ಹೋಗಿ ಮತ್ತೊಂದು ಬರುವಷ್ಟು ಹೊತ್ತು ಹಾಗೆಯೇ ಇದ್ದಳು. ತೆರೆದಾಗ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಬ್ಯಾಡ ಬಿಡ್ರಿ ಸ್ವಾಮ್ಯಾರ, ಬರೀಬ್ಯಾಡ್ರಿ,” ಎಂದಳು. “ಐವತ್ತು ವರ್ಷ ಕಣ್ಣು ಮುಚ್ಚಿದಾಗೆಲ್ಲ ಬರ್ತಿದ್ದ. ಯಾವ ಫೋಟೋನೂ ಬೇಕಾಗಿದ್ದಿಲ್ಲ ನನಗ. ಎಂಟು ತಿಂಗಳು ಆ ಪಟದಾಗ ಅವನ್ನ ಕುಂದ್ರಿಸಿ ಕುಂದ್ರಿಸಿ ನೋಡಿದ್ನಿ. ಈಗ ಕಣ್ಣು ಮುಚ್ಚಿದ್ರ ಗೌಡ ಬರ್ತಾನ. ಎಷ್ಟು ಕರದ್ರೂ ಗೌಡನ ಬರ್ತಾನ. ನೀವು ಭಾಳ ಚಲೋ ಬರದೀರಿ.”

ನಾನು ಬರೆದ ನಾಲ್ಕೂ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ನನ್ನ ಕೈಗೆ ಕೊಟ್ಟು, ಮೊಮ್ಮಗಳ ತೋಳು ಹಿಡಿದು ಮೆಟ್ಟಿಲಿಳಿದಳು.